ಎಫ್‌ಸಿ ಪಾಸಾದ ಲಾರಿ ನಾಳೆ ಬೆಳಗ್ಗೆ ಹೊರಡಬಹುದಾ?

ನಿಮ್ಮ ಊರಿನ ಮನೆಯಲ್ಲಿ ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಒಂದು ಲಾರಿ ಇದೆಯಾ? ಲಾರಿ ಅಲ್ಲದಿದ್ದರೆ ಒಂದು 407? ಅದೂ ಅಲ್ಲದಿದ್ದರೆ, 2005ರಲ್ಲಿ ಬಂದು ಹಳ್ಳಿಹಳ್ಳಿಗೂ ಹಬ್ಬಿಕೊಂಡ ಟಾಟಾ ಏಸ್? ಹಾಗಿದ್ದರೆ ಈ ಲೇಖನ ನಿಮಗೇ. ನಮ್ಮ ವಯಸ್ಸಿನ ಎಷ್ಟೋ ಜನ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತುಕೊಂಡೇ ಊರಿನ ಗಾಡಿಯ ಇಎಂಐ, ಇನ್ಶೂರೆನ್ಸ್, ಫಾಸ್ಟ್ಯಾಗ್ ರೀಚಾರ್ಜ್ ಎಲ್ಲ ನೋಡಿಕೊಳ್ಳುತ್ತಾರೆ. ನಾನೂ ಅವರಲ್ಲೊಬ್ಬ. ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನಿಗೆ ಹತ್ತು ಚಕ್ರದ ಎರಡು ಲಾರಿಗಳಿವೆ. ಮೆಕ್ಕೆಜೋಳ, ಅಕ್ಕಿ, ಸಿಮೆಂಟ್, ಯಾವ ಲೋಡ್ ಸಿಕ್ಕರೆ ಅದು. ಗಾಡಿ ಅವರದು, ಕಾಗದಪತ್ರ ನನ್ನದು.

ಹೀಗೆ ಕಾಗದ ನೋಡಿಕೊಳ್ಳುವವರಿಗೆ ಒಂದು ಸಮಾಧಾನ ಇರುತ್ತದೆ. ಎಫ್‌ಸಿ ಇದೆ, ಇನ್ಶೂರೆನ್ಸ್ ಇದೆ, ಎಮಿಷನ್ ಟೆಸ್ಟ್ ಆಗಿದೆ, ಹಾಗಾಗಿ ಗಾಡಿ ಸರಿಯಾಗಿದೆ ಅಂತ. ಆದರೆ ಎಫ್‌ಸಿ ಅನ್ನೋದು ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಇನ್‌ಸ್ಪೆಕ್ಟರ್ ನೋಡಿದ ಆ ಒಂದು ದಿನ ಬ್ರೇಕ್ ಹಿಡಿಯುತ್ತಿತ್ತು, ಲೈಟ್ ಉರಿಯುತ್ತಿತ್ತು, ಅಷ್ಟೇ ಅದರ ಅರ್ಥ. ಅದರಲ್ಲೂ ಎಫ್‌ಸಿ ದಿನಕ್ಕೆ ಮಾತ್ರ ಒಳ್ಳೆ ಟೈರ್ ಹಾಕಿ, ಸಂಜೆ ಬಿಚ್ಚಿಡುವವರೂ ಇದ್ದಾರೆ. ಲಾರಿ ಲೋಕದಲ್ಲಿ ಇದೇನೂ ಗುಟ್ಟಲ್ಲ ಬಿಡಿ. ಉಳಿದ 364 ದಿನ ಗಾಡಿಯನ್ನು ನೋಡೋರು ಯಾರು ಅನ್ನೋದೇ ಪ್ರಶ್ನೆ.

ನಾವು ವರ್ಷಕ್ಕೊಮ್ಮೆ ಬಹಳ ಚೆನ್ನಾಗಿ ನೋಡುತ್ತೇವೆ, ಆಯುಧಪೂಜೆ ದಿನ. ಮೂಲೆಮೂಲೆ ತೊಳೆದು, ಕುಂಬಳಕಾಯಿ ಒಡೆದು, ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ತೆಗೆಯುತ್ತೇವೆ. ಅಷ್ಟು ಶ್ರದ್ಧೆಯ ಹತ್ತನೇ ಒಂದು ಭಾಗವನ್ನು ದಿನಾ ಬೆಳಗ್ಗೆ ಹತ್ತು ನಿಮಿಷ ಕೊಟ್ಟರೆ ಸಾಕು. (ಮುಂದೆ ಕಟ್ಟಿದ ಬಾಳೆಕಂದು ಹೆಡ್‌ಲೈಟಿಗೂ ಇಂಡಿಕೇಟರಿಗೂ ಅಡ್ಡ ಬರುತ್ತಿದ್ದರೆ ರಾತ್ರಿ ಹೊರಡುವ ಮುಂಚೆ ಬಿಚ್ಚಿ. ದೇವರು ಬೇಜಾರು ಮಾಡಿಕೊಳ್ಳಲ್ಲ.)

ಹತ್ತು ನಿಮಿಷದಲ್ಲಿ ಏನು ನೋಡೋದು? ಮೊದಲು ಬ್ರೇಕು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಬ್ರೇಕ್ ಹಿಡಿಯೋದು ಗಾಳಿ

ಕಾರಿನಲ್ಲಿ ಬ್ರೇಕ್ ಒತ್ತಿದರೆ ಆಯಿಲ್ ಒತ್ತಡ ಚಕ್ರದ ತನಕ ಹೋಗುತ್ತದೆ. ದೊಡ್ಡ ಲಾರಿಯಲ್ಲಿ ಆ ಕೆಲಸ ಗಾಳಿಯದು. ಎಂಜಿನ್ ಜೊತೆ ತಿರುಗುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ. ಪೆಡಲ್ ತುಳಿದಾಗ ಆ ಗಾಳಿ ಹೋಗಿ ಡ್ರಮ್ಮಿನೊಳಗಿನ ಲೈನಿಂಗನ್ನು ಅಗಲಿಸುತ್ತದೆ. ಅಂದರೆ ಡ್ರೈವರ್ ಕಾಲಿನ ಬಲಕ್ಕಿಂತ ಟ್ಯಾಂಕಿನಲ್ಲಿರುವ ಗಾಳಿ ಮುಖ್ಯ.

ಹಾಗಾಗಿ ಬೆಳಗ್ಗೆ ಮಾಡುವ ಪರೀಕ್ಷೆ ಬಹಳ ಸರಳ. ಗಾಡಿ ಸ್ಟಾರ್ಟ್ ಮಾಡಿ, ಗಾಳಿ ಗೇಜಿನ ಮುಳ್ಳು ಪೂರ್ತಿ ಮೇಲೆ ಬರುವ ತನಕ ಕಾಯಬೇಕು. ವಾರ್ನಿಂಗ್ ಬಜರ್ ನಿಲ್ಲುವ ಮುಂಚೆ ಗಾಡಿ ಕದಲಿಸುವ ಮಾತೇ ಇಲ್ಲ. ಆಮೇಲೆ ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ತುಳಿದು ಒಂದು ನಿಮಿಷ ಹಾಗೇ ಹಿಡಿಯಬೇಕು. ಮುಳ್ಳು ಕಣ್ಣಿಗೆ ಕಾಣುವ ಹಾಗೆ ಇಳಿಯುತ್ತಾ ಹೋದರೆ ಎಲ್ಲೋ ಲೀಕ್ ಇದೆ. ಇನ್ನೊಬ್ಬರು ಗಾಡಿ ಸುತ್ತ ನಡೆದು ಕಿವಿಗೊಟ್ಟರೆ 'ಸುಸ್' ಅನ್ನೋ ಶಬ್ದ ಎಲ್ಲಿಂದ ಬರ್ತಿದೆ ಅಂತ ಸಿಕ್ಕೇ ಸಿಗುತ್ತದೆ. ಮುಂಜಾನೆ ಸದ್ದಿಲ್ಲದ ಹೊತ್ತಲ್ಲಿ ಇದು ಇನ್ನೂ ಸುಲಭ.

ಇನ್ನೊಂದು ಕೆಲಸ ಏರ್ ಟ್ಯಾಂಕಿನ ನೀರು ಬಿಡೋದು. ಗಾಳಿ ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ನೀರು ಎಷ್ಟು ಜಾಗ ತಿನ್ನುತ್ತದೋ ಗಾಳಿಗೆ ಅಷ್ಟು ಜಾಗ ಕಡಿಮೆ, ಜೊತೆಗೆ ವಾಲ್ವ್‌ಗಳಿಗೆ ತುಕ್ಕು. ಹೊಸ ಗಾಡಿಗಳಲ್ಲಿ ಏರ್ ಡ್ರೈಯರ್ ಇರುವುದರಿಂದ ನೀರು ಕಡಿಮೆ, ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ಟ್ಯಾಂಕಿನಡಿ ಇರುವ ಡ್ರೈನ್ ವಾಲ್ವ್ ಎಳೆದರೆ ಅರ್ಧ ನಿಮಿಷದ ಕೆಲಸ. ನೀರಿನ ಜೊತೆ ಆಯಿಲ್ ಬರ್ತಿದ್ದರೆ ಕಂಪ್ರೆಸರ್ ಸವೆಯುತ್ತಿದೆ ಅಂತ ಮೆಕ್ಯಾನಿಕ್‌ಗೆ ಹೇಳಬಹುದು.

ಈಗ ಘಾಟಿಗೆ ಬನ್ನಿ. ಶಿರಾಡಿ ಇರಲಿ, ಯಲ್ಲಾಪುರದಿಂದ ಅಂಕೋಲಾ ಕಡೆ ಇಳಿಯುವ ಅರಬೈಲ್ ಇರಲಿ, ಲಾರಿಯ ಬ್ರೇಕ್ 'ಫೇಲ್' ಆಯಿತು ಅಂತ ಸುದ್ದಿ ಬರೋದು ಹೆಚ್ಚಾಗಿ ಇಂಥ ಕಡೆಯಿಂದಲೇ. ಎಲ್ಲ ಸಲವೂ ಏನೋ ಮುರಿದಿರುತ್ತದೆ ಅಂತಲ್ಲ. ಒಂದು ಸಣ್ಣ ಲೆಕ್ಕ ನೋಡಿ. 28.5 ಟನ್ ತೂಕದ ಲಾರಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 140 ಮೆಗಾಜೂಲ್. 30 ಡಿಗ್ರಿಯಲ್ಲಿರುವ 450 ಲೀಟರ್‌ಗೂ ಹೆಚ್ಚು ನೀರನ್ನು ಕುದಿಸುವಷ್ಟು ಶಾಖ ಅದು. ಸ್ವಲ್ಪ ಭಾಗ ಗಾಳಿಯ ತಡೆ, ಟೈರಿನ ಉಜ್ಜಾಟದಲ್ಲಿ ಹೋಗುತ್ತದೆ. ಮಿಕ್ಕಿದ್ದನ್ನೆಲ್ಲ ಡ್ರಮ್ಮುಗಳೇ ನುಂಗಬೇಕು ಅಂದರೆ ಅವು ಎಷ್ಟು ಕಾಯಬಹುದು ಯೋಚಿಸಿ. ಕಾದ ಡ್ರಮ್ ಹಿಗ್ಗುತ್ತದೆ, ಲೈನಿಂಗ್ ಅದನ್ನು ಮುಟ್ಟಲು ಇನ್ನಷ್ಟು ದೂರ ಚಾಚಬೇಕು. ಅತಿಯಾಗಿ ಕಾದ ಲೈನಿಂಗಿಗೆ ಹಿಡಿತವೂ ಕಡಿಮೆ. ಗೇಜಿನಲ್ಲಿ ಗಾಳಿ ಫುಲ್, ಪೆಡಲ್ ಪೂರ್ತಿ ಒಳಗೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ಡ್ರಮ್ಮಿನ ಪಕ್ಕದ ಸ್ಲ್ಯಾಕ್ ಅಡ್ಜಸ್ಟರ್ ಸರಿಯಾಗಿ ಟೈಟ್ ಮಾಡಿಸಿರದಿದ್ದರೆ ಈ ಹಂತ ಇನ್ನೂ ಬೇಗ ಬರುತ್ತದೆ. ಅದಕ್ಕೇ ಘಾಟಿ ಟ್ರಿಪ್ ಇದೆ ಅಂದರೆ ಹಿಂದಿನ ದಿನವೇ ಬ್ರೇಕ್ ಅಡ್ಜಸ್ಟ್ ಮಾಡಿಸಿ.

ಈ ಶಾಖವನ್ನು ಡ್ರಮ್ಮಿಗೆ ಕೊಡದೆ ಎಂಜಿನ್ನಿಗೆ ಕೊಡುವುದೇ ಹಳೆಯ ಡ್ರೈವರ್‌ಗಳ ಬುದ್ಧಿ. ಹತ್ತುವ ಗೇರಿನಲ್ಲೇ ಇಳಿ ಅಂತಾರಲ್ಲ, ಅದು ಇದೇ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಬೇಕು, ಎಕ್ಸಾಸ್ಟ್ ಬ್ರೇಕ್ ಹಾಕಬೇಕು. ಫುಟ್ ಬ್ರೇಕನ್ನು ಒಂದೇ ಸಮ ಮೆಲ್ಲಗೆ ಒತ್ತಿಕೊಂಡು ಇಳಿಯುವ ಬದಲು, ಬೇಕಾದಾಗ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ ಮತ್ತೆ ಪೂರ್ತಿ ಬಿಡಬೇಕು.

ಇದಕ್ಕೆ ಪೂರ್ತಿ ಉಲ್ಟಾ ಒಂದು ಅಭ್ಯಾಸ ಇದೆ: ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋದು, ಇನ್ನೂ ಧೈರ್ಯಸ್ಥರು ಎಂಜಿನ್ನೇ ಆಫ್ ಮಾಡೋದು. ಎಂಜಿನ್ ನಿಂತರೆ ಕಂಪ್ರೆಸರ್ ನಿಂತಿತು, ಟ್ಯಾಂಕಿಗೆ ಹೊಸ ಗಾಳಿ ಇಲ್ಲ. ಪವರ್ ಸ್ಟೀರಿಂಗೂ ಇಲ್ಲ. ಉಳಿತಾಯದ ಲೆಕ್ಕವಾದರೂ ಸರಿಯಾ ಅಂದರೆ ಅದೂ ತಪ್ಪು. ಈಗಿನ ಎಲೆಕ್ಟ್ರಾನಿಕ್ ಎಂಜಿನ್‌ಗಳು ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇಟ್ಟುಕೊಳ್ಳಲು ಡೀಸೆಲ್ ಕುಡಿಯುತ್ತದೆ. ಗೇರಿನಲ್ಲಿ ಇಳಿಯೋದೇ ಅಗ್ಗ. ಮಾಲೀಕರು 'ಮೈಲೇಜ್ ಯಾಕೆ ಬರ್ತಿಲ್ಲ' ಅಂತ ದಿನಾ ಕೇಳ್ತಿದ್ದರೆ ಡ್ರೈವರ್ ನ್ಯೂಟ್ರಲ್ ಮಾಡದೆ ಇನ್ನೇನು ಮಾಡ್ತಾನೆ? ಈ ಮಾತನ್ನು ಡ್ರೈವರ್‌ಗಿಂತ ಮೊದಲು ಮಾಲೀಕರಿಗೆ ಹೇಳಬೇಕು.

ಟೈರ್ ಬಡಿದು ನೋಡಿದರೆ ಸಾಕಾ?

ಕ್ಲೀನರ್ ಹುಡುಗ ಕೋಲಿನಿಂದ ಒಂದೊಂದೇ ಟೈರಿಗೆ ಬಡಿದು ಶಬ್ದ ಕೇಳೋದನ್ನು ನೀವು ಯಾವುದಾದರೂ ಢಾಬಾ ಮುಂದೆ ನೋಡಿರುತ್ತೀರಿ. ಪೂರ್ತಿ ಪಂಕ್ಚರ್ ಆದ ಟೈರ್ 'ಧಪ್' ಅಂತ ಗೊತ್ತಾಗುತ್ತದೆ, ನಿಜ. ಆದರೆ ಐದನೇ ಒಂದು ಭಾಗ ಗಾಳಿ ಕಡಿಮೆ ಇದ್ದರೆ ಆ ಶಬ್ದದಲ್ಲಿ ಗೊತ್ತಾಗಲ್ಲ. ಅಪಾಯ ಇರೋದು ಅಲ್ಲೇ. ಹಿಂದಿನ ಜೋಡಿ ಟೈರ್‌ಗಳಲ್ಲಿ ಒಳಗಿನದು ಕಣ್ಣಿಗೂ ಸರಿಯಾಗಿ ಕಾಣಲ್ಲ, ಕೈಗೂ ಸಿಗಲ್ಲ. ಅದರಲ್ಲಿ ಗಾಳಿ ಇಳಿದರೆ ಅದರ ಭಾರವನ್ನು ಪಕ್ಕದ ಟೈರ್ ಹೊರುತ್ತದೆ. ಮೆತ್ತಗಾದದ್ದು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ. ಕೊನೆಗೆ ಸಿಡಿಯುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಹಾಗಾಗಿ ಗೇಜ್ ಇಟ್ಟುಕೊಳ್ಳಿ. ಒಳಗಿನ ಟೈರಿನ ವಾಲ್ವ್ ಹೊರಗೆ ಬರುವ ಹಾಗೆ ಎಕ್ಸ್‌ಟೆನ್ಷನ್ ಹಾಕಿಸಿದರೆ 'ಕೈ ಹೋಗಲ್ಲ ಅಣ್ಣ' ಅನ್ನೋ ನೆಪವೂ ಇರಲ್ಲ. ಗಾಳಿ ನೋಡಬೇಕಾದ್ದು ಟೈರ್ ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ.

ಜೋಡಿ ಟೈರಿನ ನಡುವೆ ಸಿಕ್ಕಿಹಾಕಿಕೊಂಡ ಕಲ್ಲನ್ನೂ ನೋಡಿ ತೆಗೆಯಬೇಕು. ಕ್ವಾರಿ ಕಡೆ ಓಡುವ ಗಾಡಿಗಳಿಗೆ ಇದು ದಿನದ ಕೆಲಸ. ಆ ಕಲ್ಲು ಟೈರಿನ ಪಕ್ಕೆ ಕೊರೆಯುತ್ತದೆ, ಹೈವೇಯಲ್ಲಿ ಎಗರಿದರೆ ಹಿಂದೆ ಬರುವವರ ಗಾಜಿಗೆ ಬೀಳುತ್ತದೆ.

ಸವೆತದ ಕಾನೂನು ಮಿತಿ 1.6 ಮಿಲಿಮೀಟರ್. ಟೈರಿನ ಗಾಡಿಗಳೊಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಮೇಲ್ಮೈ ಅದಕ್ಕೆ ಸಮ ಬಂದರೆ ಆ ಟೈರಿನ ಆಯಸ್ಸು ಮುಗಿಯಿತು. ಮಳೆಗಾಲದಲ್ಲಿ ಅಲ್ಲಿ ತನಕ ಕಾಯಬಾರದು ಅನ್ನೋದು ನನ್ನ ಅಭಿಪ್ರಾಯ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2323 ಅಂತಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಸ್ಟೆಪ್ನಿಯದ್ದೂ ಸೇರಿಸಿ ಎಲ್ಲವನ್ನೂ ಓದಿ. ರೀಟ್ರೆಡ್ ಟೈರ್ ಬೇಡವೇ ಬೇಡ ಅಂತ ಹೇಳುವುದು ನಮ್ಮ ಬಾಡಿಗೆ ದರದಲ್ಲಿ ನಡೆಯುವ ಮಾತಲ್ಲ. ಆದರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಅದನ್ನು ಹಾಕಬೇಡಿ. ಹಿಂದೆ ಒಂದು ಟೈರ್ ಸಿಡಿದರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ, ಮುಂದೆ ಸಿಡಿದರೆ ಸ್ಟೀರಿಂಗೇ ಕೈ ತಪ್ಪಿ ಹೋಗುತ್ತದೆ.

ವೀಲ್ ನಟ್‌ಗಳ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿದೆ ಅನ್ನುವುದಕ್ಕೆ ಗುರುತು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಟೈಟ್ ಮಾಡಲೇಬೇಕು. ಪಂಕ್ಚರ್ ಅಂಗಡಿಯವನು ಟೈಟ್ ಮಾಡಿದ್ದಾನಲ್ಲ ಅಂತ ಬಿಡುವಂತಿಲ್ಲ. ಟೀಗೆ ನಿಲ್ಲಿಸಿದಾಗ ಪ್ರತಿ ಚಕ್ರದ ಹಬ್ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡುವ ಅಭ್ಯಾಸವೂ ಒಳ್ಳೆಯದು. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಎಲ್ಲಕ್ಕಿಂತ ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ.

ಕಮಾನು ಪಟ್ಟಿ ಸೀಳಿದೆಯಾ, ಯೂ ಬೋಲ್ಟ್ ಸಡಿಲವಾ, ಗಾಡಿ ಅಡಿ ನೆಲದಲ್ಲಿ ಆಯಿಲ್ ಹನಿ ಬಿದ್ದಿದೆಯಾ, ಇವನ್ನು ಒಂದು ಸುತ್ತು ಬಗ್ಗಿ ನೋಡಿದರೆ ಮುಗಿಯಿತು. ಟಾರ್ಚ್ ಬೇಕಿದ್ದರೆ ಎಲ್ಲರ ಜೇಬಲ್ಲೂ ಫೋನಿದೆ.

ಲೋಡು

2018ರಲ್ಲಿ ಕೇಂದ್ರ ಸರ್ಕಾರ ಆಕ್ಸೆಲ್ ತೂಕದ ಮಿತಿ ಏರಿಸಿತು. ಆರು ಚಕ್ರದ ಲಾರಿಗೆ ಗಾಡಿ ಮತ್ತು ಲೋಡ್ ಸೇರಿ 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಚಕ್ರಕ್ಕೆ 25 ಇದ್ದದ್ದು 28.5 ಆಯಿತು. ಆದರೂ ನಿಮ್ಮ ಆರ್‌ಸಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ನಿಮ್ಮ ಮಿತಿ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಐದು ಟನ್ ಜಾಸ್ತಿ ಹಾಕಿ ಸಿಕ್ಕಿಬಿದ್ದರೆ 30,000. ಆ ಐದು ಟನ್‌ಗೆ ಸಿಕ್ಕ ಬಾಡಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. 'ಎಲ್ಲರೂ ಹಾಕ್ತಾರೆ, ನಾವು ಹಾಕದಿದ್ರೆ ಲೋಡೇ ಸಿಗಲ್ಲ' ಅನ್ನೋ ಚಿಕ್ಕಪ್ಪನ ಮಾತು ಸುಳ್ಳಲ್ಲ. ಆದರೆ ಮೇಲೆ ಹೇಳಿದ ನೀರು ಕುದಿಸುವ ಲೆಕ್ಕ ತೂಕದ ಜೊತೆ ನೇರವಾಗಿ ಏರುತ್ತದೆ. ಐದು ಟನ್ ಜಾಸ್ತಿ ಅಂದರೆ ಅದೇ ಘಾಟಿಯಲ್ಲಿ ಡ್ರಮ್ಮಿಗೆ ಆರನೇ ಒಂದು ಭಾಗಕ್ಕಿಂತ ಹೆಚ್ಚು ಶಾಖ.

ತೂಕ ಸರಿ ಇದ್ದರೂ ಜೋಡಣೆ ಸರಿ ಇರಬೇಕು. ಹುಲ್ಲಿನ ಲೋಡ್ ಎತ್ತರಕ್ಕೆ ಕಟ್ಟಿ, ಹಳ್ಳಿ ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿಗೆ ತಗುಲಿ ಲಾರಿಯೇ ಸುಟ್ಟ ಸುದ್ದಿ ಬೇಸಿಗೆ ಬಂತೆಂದರೆ ಪೇಪರಿನಲ್ಲಿ ಕಾಣುತ್ತಲೇ ಇರುತ್ತದೆ. ಟಿಪ್ಪರ್ ಆದರೆ ಟ್ರಾಲಿ ಪೂರ್ತಿ ಇಳಿಸದೆ ಗಾಡಿ ಮುಂದಕ್ಕೆ ತೆಗೆಯಬಾರದು, ಅಲ್ಲೂ ಅದೇ ತಂತಿ. ಹೊರಟ ಮೇಲೆ ಮೊದಲ ಒಂದು ಗಂಟೆಯೊಳಗೆ ನಿಲ್ಲಿಸಿ ಹಗ್ಗ, ಟಾರ್ಪಾಲು ಇನ್ನೊಮ್ಮೆ ಬಿಗಿಯಬೇಕು. ಲೋಡ್ ಕುಲುಕಿ ಕೂತಾಗ ಹಗ್ಗ ಸಡಿಲ ಆಗಿಯೇ ಆಗುತ್ತದೆ.

ಲೋಡಿನ ಮೇಲೆ ಜನ ಮಾತ್ರ ಬೇಡ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿಯೊಂದು ಯಲ್ಲಾಪುರ ತಾಲೂಕಿನಲ್ಲಿ ಬೆಳಗಿನ ಜಾವ ಕಣಿವೆಗೆ ಉರುಳಿ, ಮಾಲಿನ ಜೊತೆ ಕೂತಿದ್ದ 10 ಜನ ವ್ಯಾಪಾರಿಗಳು ತೀರಿಕೊಂಡರು. ಬಸ್ಸಿಗೆ ಕಾಯಲಾಗದ, ಮಾಲು ಬಿಟ್ಟಿರಲಾಗದ ಜನ. ಅವರನ್ನು ಬೈದು ಪ್ರಯೋಜನವಿಲ್ಲ. 'ಹತ್ತಿಸಬೇಡ' ಅಂತ ಗಟ್ಟಿಯಾಗಿ ಹೇಳಬೇಕಾದವರು ಗಾಡಿ ಮಾಲೀಕರು.

ಡ್ರೈವರ್ 'ಇವತ್ತು ಬೇಡ' ಅಂದರೆ?

2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ನಾವು ಬೈಕಿನಲ್ಲಿ ಆಫೀಸಿಗೆ ಹೋಗುವಾಗ ಲಾರಿಯವರನ್ನು ಬೈಯುತ್ತೇವೆ. ಊರಿನ ಲಾರಿಯ ಬಾಡಿಗೆ ಲೆಕ್ಕ ಬಂದಾಗ 'ಇನ್ನೊಂದು ಟ್ರಿಪ್ ಆಗಬಹುದಿತ್ತಲ್ಲ' ಅಂತೇವೆ. ಎರಡೂ ಒಂದೇ ಬಾಯಿ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಅನುಭವಿ ಡ್ರೈವರ್‌ಗಳಿಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಗೊತ್ತಿದ್ದೂ ಬಿಟ್ಟುಹೋಗೋದು ಯಾಕೆ? ಟ್ರಿಪ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಮನುಷ್ಯ 'ಬ್ರೇಕ್ ಸ್ವಲ್ಪ ಡೌಟು, ಇವತ್ತು ಹೋಗಲ್ಲ' ಅಂದರೆ ಆ ದಿನದ ಸಂಪಾದನೆ ಅವನ ಜೇಬಿನಿಂದಲೇ ಹೋಗುತ್ತದೆ. ನಮ್ಮ ಆಫೀಸಿನಲ್ಲಿ ಶುಕ್ರವಾರ ಸಂಜೆ ಯಾರಾದರೂ 'ಈ ಕೋಡ್ ಇವತ್ತು ಬಿಡೋದು ಬೇಡ' ಅಂದರೆ ಸಂಬಳ ಕಟ್ ಮಾಡಲ್ಲ, ಥ್ಯಾಂಕ್ಸ್ ಹೇಳ್ತೀವಿ. ಚಿಕ್ಕಪ್ಪನ ಹತ್ತಿರ ಇದನ್ನೇ ಇಟ್ಟು ಎರಡು ಭಾನುವಾರ ವಾದ ಮಾಡಿದೆ. ಕೊನೆಗೆ ಆದ ಒಪ್ಪಂದ ಇಷ್ಟು: ಡ್ರೈವರ್ ಬ್ರೇಕ್, ಟೈರ್, ಸ್ಟೀರಿಂಗ್ ವಿಷಯಕ್ಕೆ ಗಾಡಿ ನಿಲ್ಲಿಸಿದರೆ ಆ ದಿನದ ಬತ್ತಾ ಕೊಡಲೇಬೇಕು, ಯಾಕೆ ನಿಲ್ಲಿಸಿದೆ ಅಂತ ಜಗಳ ತೆಗೆಯಬಾರದು. 'ಸುಮ್ನೆ ನಿಲ್ಲಿಸ್ತಾರೆ ಕಣೋ' ಅಂತ ಚಿಕ್ಕಪ್ಪ ಗೊಣಗಿದರು. ಮೊದಲ ತಿಂಗಳಲ್ಲಿ ಒಂದೇ ಸಲ ನಿಂತಿತು. ಬಿಚ್ಚಿ ನೋಡಿದರೆ ಹಿಂದಿನ ಒಂದು ಬ್ರೇಕ್ ಹೋಸ್ ಚಾಸಿಸ್‌ಗೆ ಉಜ್ಜಿ ದಾರ ಕಾಣುವಷ್ಟು ಸವೆದಿತ್ತು.

ಬೆಳಗಿನ ಚೆಕ್ಕಿಗೆ ಹೊಸ ಆ್ಯಪ್ ಏನೂ ಬೇಡ (ಇದನ್ನು ಆ್ಯಪ್ ಮಾಡಿ ಬದುಕುವ ನಾನೇ ಹೇಳ್ತಿದ್ದೀನಿ). ಡ್ರೈವರ್ ಗಾಡಿ ಸುತ್ತ ಒಂದು ಸುತ್ತು ಬರುತ್ತಾ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ: ಗಾಳಿ ಗೇಜ್, ಟೈರುಗಳು, ಹಿಂದಿನ ಲೈಟ್, ರಿಫ್ಲೆಕ್ಟರ್ ಪಟ್ಟಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಪಟ್ಟಿ ಇರಬೇಕು ಅನ್ನೋದು ನಿಯಮ. ಧೂಳು ಮೆತ್ತಿದ್ದರೆ ಅದು ಇದ್ದೂ ಇಲ್ಲದಂತೆ, ಒಂದು ಒದ್ದೆ ಬಟ್ಟೆ ಸಾಕು. ವಿಡಿಯೋ ಕಳಿಸುವುದು ಕಾವಲಿಗಲ್ಲ ಅಂತ ಮೊದಲೇ ಹೇಳಿದ್ದೆವು, ಅದಕ್ಕೇ ಅದು ನಡೆಯುತ್ತಿದೆ.

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಅದು ನಿಗದಿ ಮಾಡಿತ್ತು. ಕ್ಲೀನರ್ ಕೂಡ ಇಲ್ಲದೆ ಒಬ್ಬನೇ ಡ್ರೈವರ್ ರಾತ್ರಿಯಿಡೀ ಓಡಿಸುವ ಈಗಿನ ಹೆದ್ದಾರಿಯಲ್ಲಿ ಇದು ಎಷ್ಟು ಪಾಲನೆಯಾಗುತ್ತಿದೆ ಅಂತ ಕೇಳಲೇಬೇಡಿ. ನಮ್ಮ ಕೈಲಿರುವುದು ಒಂದು: ಬೆಳಗಿನ ಜಾವ ಎರಡರಿಂದ ಐದರ ತನಕ ಗಾಡಿ ನಿಂತಿರಲಿ. ದೇಹಕ್ಕೆ ಅತಿ ಹೆಚ್ಚು ನಿದ್ದೆ ಎಳೆಯುವ ಹೊತ್ತದು. ಆ ಹೊತ್ತಿನಲ್ಲಿ 'ಎಲ್ಲಿದ್ದೀಯಪ್ಪ' ಅಂತ ಫೋನ್ ಮಾಡುವುದನ್ನೂ ನಿಲ್ಲಿಸಿ. ಲೊಕೇಶನ್ ಜಿಪಿಎಸ್‌ನಲ್ಲಿ ಕಾಣುತ್ತದೆ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕದ ದುಡ್ಡು ನೀವೇ ಕೊಡಿ.

ಕಾಗದದ ವಿಷಯವೂ ಇಲ್ಲೇ ಬರುತ್ತದೆ. ಅಪಘಾತವಾದಾಗ ಡ್ರೈವರ್ ಲೈಸೆನ್ಸೋ ಪರ್ಮಿಟ್ಟೋ ಚಾಲ್ತಿಯಲ್ಲಿಲ್ಲ ಅಂದರೆ, ಇನ್ಶೂರೆನ್ಸ್ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್ ಹೇಳಬಹುದು. ಅಂದರೆ ಅಪ್ಪನ ಹೊಲ, ಮನೆ ತನಕ ಬರುತ್ತದೆ. ಸಣ್ಣ ಗಾಡಿಯವರಿಗೆ ಒಂದು ನೆಮ್ಮದಿಯ ಸುದ್ದಿ ಇದೆ. ಒಟ್ಟು ತೂಕ 7,500 ಕೆಜಿ ಒಳಗಿರುವ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಇಷ್ಟೆಲ್ಲ ಆದರೂ ಗಾಡಿ ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಆಗ ನಮ್ಮವರು ಮಾಡುವುದು ಒಂದೇ: ಪಕ್ಕದ ಮರದ ಸೊಪ್ಪು ಮುರಿದು ಹಿಂದೆ ಸಿಕ್ಕಿಸಿ, ಸುತ್ತ ನಾಲ್ಕು ಕಲ್ಲು ಇಡೋದು. ಸೊಪ್ಪು ರಾತ್ರಿ ಕಾಣಲ್ಲ. 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ, ಹತ್ತಿರ ಬಂದು ನೋಡಿದರೆ ಬ್ರೇಕ್ ಹಾಕಲು ಸಮಯವೇ ಇರಲ್ಲ. ಗಾಡಿಯನ್ನು ಆದಷ್ಟು ರಸ್ತೆಯಿಂದ ಕೆಳಗಿಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಪ್ರತಿಫಲಿಸುವ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ, ಹೈವೇ ಆದರೆ 100 ಮೀಟರ್ ಹಿಂದೆ ಇಡಬೇಕು. ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು ಕ್ಯಾಬಿನ್ನಿನಲ್ಲೇ ಇರಲಿ. ಕಲ್ಲೇ ಇಟ್ಟಿದ್ದರೆ, ರಿಪೇರಿ ಮುಗಿದು ಹೊರಡುವಾಗ ಅದನ್ನು ಎತ್ತಿ ರಸ್ತೆಯಾಚೆ ಹಾಕಿದ ಮೇಲೇ ಗಾಡಿ ಹತ್ತಬೇಕು. ಅರ್ಧ ಗಂಟೆ ಬಿಟ್ಟು ಆ ದಾರಿಯಲ್ಲಿ ಬೈಕಿನವರು ಯಾರೋ ಬರುತ್ತಿರುತ್ತಾರೆ.